ಬಾಲ್ಟಿಮೋರಿನ ಕಸದ ಚಕ್ರ

ಸಮುದ್ರವನ್ನು ಪ್ಲಾಸ್ಟಿಕ್ಕಿನಿಂದ ಉಳಿಸಲು ಮನುಷ್ಯನು ಹೂಡಿರುವ ಉಪಾಯಗಳಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಕಸದ ಚಕ್ರವು ಸಾವಧಾನವಾದ ಪರಿಶೀಲನೆಗೆ ಅರ್ಹವಾದುದು. ಜೋನ್ಸ್ ಫಾಲ್ಸ್ ಎಂಬ ಹೊಳೆ ಆ ಊರಿನ ಬಂದರನ್ನು ಕೂಡುವೆಡೆಯಲ್ಲಿ 2014ರಲ್ಲಿ ನೆಲೆಗೊಂಡ ಈ ಯಂತ್ರವನ್ನು ಕಲ್ಪಿಸಿದವರು ಜಾನ್ ಕೆಲೆಟ್. ತೇಲುವ ತಡೆಗಳು ಕಸವನ್ನು ಅದರ ಬಾಯಿಯತ್ತ ಕೂಡಿಹಾಕುತ್ತವೆ. ಹೊಳೆಯ ಸೆಳವಿನಿಂದಲೇ ತಿರುಗುವ ಚಕ್ರವು ಒಂದು ಪಟ್ಟಿಯನ್ನು ಚಲಾಯಿಸಿ, ಆ ಕಸವನ್ನು ಮೇಲೆತ್ತಿ ತೊಟ್ಟಿಗೆ ಸುರಿಯುತ್ತದೆ. ಸೆಳವು ಕುಂದಿದಾಗ ಸೂರ್ಯಶಕ್ತಿಯ ಪಂಪುಗಳು ಚಕ್ರದ ಮೇಲೆ ನೀರೆರೆಯುತ್ತವೆ. ಎರಡು ದೊಡ್ಡ ಕಣ್ಣುಗಳನ್ನಿಟ್ಟ ಬಳಿಕ ಜನರು ಅದನ್ನು ಮಿಸ್ಟರ್ ಟ್ರ್ಯಾಶ್ ವೀಲ್ ಎಂದು ವಾತ್ಸಲ್ಯದಿಂದ ಕರೆಯತೊಡಗಿದರು.

ಸ್ಥಳದ ಆಯ್ಕೆಯೇ ಇದರ ಪ್ರಥಮ ಗುಣ. ಮಳೆ ಬಿದ್ದೊಡನೆ ಬೀದಿಯ ಬಾಟಲಿ, ತಿಂಡಿಯ ಪೊಟ್ಟಣ, ಸಿಗರೇಟಿನ ತುಂಡುಗಳೆಲ್ಲ ಚರಂಡಿಯ ಮಾರ್ಗವಾಗಿ ಹೊಳೆಗಿಳಿಯುತ್ತವೆ. ಅಪಾರ ಸಾಗರದಲ್ಲಿ ಚದುರಿ ಚೂರಾದ ಮೇಲೆ ಅವನ್ನು ಅರಸುವುದಕ್ಕಿಂತ, ಒಂದೇ ಕಿರಿದಾದ ಮುಖದಲ್ಲಿ ಹಾದುಬರುವಾಗ ಹಿಡಿಯುವುದು ವಿವೇಕ.

ಆದರೂ ದೋಷಗಳನ್ನು ಮರೆಯಲಾಗದು. ತೇಲುವುದಷ್ಟೇ ಇಲ್ಲಿ ಸೆರೆಯಾಗುತ್ತದೆ. ತಳಕ್ಕಿಳಿದುದೂ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಣಗಳೂ ತಡೆಯಿಲ್ಲದೆ ಚೆಸಪೀಕ್ ಕೊಲ್ಲಿಯ ದಾರಿ ಹಿಡಿಯುತ್ತವೆ. ಸಂಗ್ರಹಿಸಿದ ಕಸವನ್ನು ವಿದ್ಯುತ್ತಿಗಾಗಿ ಸುಡುವ ಪದ್ಧತಿಯಾದರೋ, ನೀರಿನ ಕಲ್ಮಷವನ್ನು ಬೂದಿಗೂ ಹೊಗೆಗೂ ವರ್ಗಾಯಿಸಿತೇ ಹೊರತು ನಿರ್ಮೂಲಗೊಳಿಸಲಿಲ್ಲ. ಶುದ್ಧೀಕರಣದ ಸಾಧನವೆಂದು ಮಾತ್ರ ನೋಡಿದರೆ ಈ ಚಕ್ರಕ್ಕೆ ಮಧ್ಯಮ ಸ್ಥಾನವೇ ಸಲ್ಲುತ್ತದೆ.

ಅದರ ಶ್ರೇಷ್ಠತೆಯಿರುವುದು ಎಣಿಕೆಯಲ್ಲಿ. ಇದನ್ನು ನಡೆಸುವವರು ತೊಟ್ಟಿಯ ಕಸವನ್ನು ಸುಮ್ಮನೆ ಸಾಗಹಾಕದೆ, ಬಾಟಲಿಯೆಷ್ಟು, ಚೀಲವೆಷ್ಟು, ಥರ್ಮಾಕೋಲ್ ಪೆಟ್ಟಿಗೆಯೆಷ್ಟು ಎಂದು ಲೆಕ್ಕವಿಟ್ಟು ಊರಿನ ಮುಂದಿರಿಸಿದರು. ಊಟ ಕಟ್ಟಿಕೊಡುವ ಥರ್ಮಾಕೋಲ್ ಪೆಟ್ಟಿಗೆಗಳ ನಿಷೇಧದ ಚರ್ಚೆಯಲ್ಲಿ ಆ ಲೆಕ್ಕವೇ ಬಲವಾದ ಪ್ರಮಾಣವಾಯಿತು. ನಗರವು ಮೊದಲು ನಿಷೇಧಿಸಿತು, ಬಳಿಕ ಅದು ಸೇರಿರುವ ಮೇರಿಲ್ಯಾಂಡ್ ರಾಜ್ಯದ ಕಾಯಿದೆ 2020ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ತರುವಾಯ ಚಕ್ರಕ್ಕೆ ಸಿಕ್ಕುವ ಅಂಥ ಪೆಟ್ಟಿಗೆಗಳು ಗಣನೀಯವಾಗಿ ತಗ್ಗಿದುವು. ಕೇವಲ ಹಿಡಿದು ಹಾಕುವುದರಿಂದ ಎಂದಿಗೂ ದೊರೆಯದ ಫಲವಿದು.

ಆದಕಾರಣ ಇಂಥ ಯಂತ್ರಗಳನ್ನು ಎಷ್ಟು ಟನ್ನು ಎತ್ತಿದುವೆಂಬ ಹೆಮ್ಮೆಯಿಂದ ಅಳೆಯುವುದು ಸರಿಯಲ್ಲ. ಟನ್ನು ವರ್ಷವರ್ಷವೂ ಏರುತ್ತಿದ್ದರೆ ಅದು ಯಂತ್ರದ ದಕ್ಷತೆಗೆ ಸಾಕ್ಷಿಯಾಗಬಹುದು, ನಗರದ ಸೋಲಿಗಂತೂ ಸಾಕ್ಷಿಯೇ ಸರಿ. ಚಕ್ರವನ್ನು ಅನುಕರಿಸಹೊರಟ ನಗರಗಳು ಅದರೊಡನೆ ಲೆಕ್ಕದ ಪುಸ್ತಕವನ್ನೂ, ಆ ಲೆಕ್ಕಕ್ಕೆ ತಲೆಬಾಗುವ ಶಾಸನವನ್ನೂ ಸ್ವೀಕರಿಸತಕ್ಕದ್ದು. ಅವೆರಡಿಲ್ಲದ ಚಕ್ರವು ಎಷ್ಟು ತಿರುಗಿದರೂ ಕಡಲಿಗೆ ಉಪಕಾರ ಅಲ್ಪವೇ.