ಕಥಾವಾಚನದ ಸಂಜೆ ಮತ್ತು ಮನೋವೈಜ್ಞಾನಿಕ ಸಸ್ಪೆನ್ಸ್

ಕೊಲೆಗಾರ ಯಾರೆಂಬುದನ್ನು ಹುಡುಕುವುದು ಪತ್ತೇದಾರಿ ಕಥೆಯ ಕೆಲಸವಾದರೆ, ಪಾತ್ರವೊಂದರ ಮನಸ್ಸು ಯಾವ ಗಳಿಗೆಯಲ್ಲಿ ಎತ್ತ ಹೊರಳೀತೆಂಬ ಆತಂಕವನ್ನು ಕೊನೆಯವರೆಗೂ ಕಾಯ್ದುಕೊಳ್ಳುವುದು ಮನೋವೈಜ್ಞಾನಿಕ ಸಸ್ಪೆನ್ಸ್ ಎಂಬ ಪ್ರಕಾರದ ಲಕ್ಷಣ. ಏಕಾಂತದ ಓದಿನಲ್ಲಿ ಬೆಳೆದ ಈ ಪ್ರಕಾರವನ್ನು ಹಲವು ಲೇಖಕರು ಒಂದೇ ಸಂಜೆ ಸಭಿಕರೆದುರು ಓದುವ ರೂಢಿ ಇಂದು ಇಂಗ್ಲಿಷ್ ಸಾಹಿತ್ಯಲೋಕದಲ್ಲಿ ಬೇರೂರಿದ್ದು, 2008ರಲ್ಲಿ ಫಿಲಡೆಲ್ಫಿಯಾದಲ್ಲಿ ಆರಂಭವಾಗಿ ಬೇರೆ ನಗರಗಳಿಗೆ ಹಬ್ಬಿದ ಅಪರಾಧ ಕಥೆಗಳ ವಾಚನಸರಣಿ 'ನ್ವಾರ್ ಅಟ್ ದ ಬಾರ್' ಅದರದೊಂದು ರೂಪ. ಹೊಸ ಕಾದಂಬರಿಯ ಮೊದಲ ಪುಟಗಳನ್ನು ಓದಿ, ಗುಟ್ಟು ಹೊರಬೀಳುವ ಮುನ್ನ ನಿಲ್ಲಿಸುವುದು ಲೇಖಕರ ವಾಚನಗಳಲ್ಲಿ ಸಾಮಾನ್ಯವಾದರೂ, ಪುಸ್ತಕದ ಮಾರಾಟಕ್ಕೆ ಅನುಕೂಲವಾದ ಈ ಕ್ರಮ ಪ್ರಕಾರದ ಸತ್ವವನ್ನು ಕೇಳುಗರಿಗೆ ತಲುಪಿಸುತ್ತದೆಯೇ ಎಂಬುದು ವಿಚಾರಾರ್ಹ.

ಈ ಪ್ರಶ್ನೆಗೆ ಚಾರ್ಲ್ಸ್ ಡಿಕನ್ಸ್‌ನ ವಾಚನವೇ ಉತ್ತಮ ನಿದರ್ಶನ. 'ಆಲಿವರ್ ಟ್ವಿಸ್ಟ್' ಕಾದಂಬರಿಯಲ್ಲಿ ಬಿಲ್ ಸೈಕ್ಸ್ ನ್ಯಾನ್ಸಿಯನ್ನು ಕೊಲ್ಲುವ ಭಾಗವನ್ನು ಅವನು 1868ರ ನವೆಂಬರಿನಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಹಾಲ್‌ನಲ್ಲಿ ಆಹ್ವಾನಿತರೆದುರು ಪ್ರಾಯೋಗಿಕವಾಗಿ ಓದಿ, ಮರುವರ್ಷದಿಂದ ಸಾರ್ವಜನಿಕರ ಮುಂದಿಟ್ಟನು. ಮೂವತ್ತು ವರ್ಷ ಹಳೆಯದಾಗಿದ್ದ ಆ ಪ್ರಸಿದ್ಧ ಕಥೆಯಲ್ಲಿ ಮುಂದೇನೆಂಬುದು ಬಹುಪಾಲು ಕೇಳುಗರಿಗೆ ಗೊತ್ತಿದ್ದರೂ ಅವರ ದಿಗಿಲು ಕುಗ್ಗಲಿಲ್ಲ. ಕೊಲೆಗೇ ಮುಗಿಯುತ್ತಿದ್ದ ಮೊದಲ ಪಾಠಕ್ಕೆ, ನ್ಯಾನ್ಸಿಯ ಕಣ್ಣುಗಳು ಬೆನ್ನಟ್ಟಿದಂತೆ ಭ್ರಮಿಸಿ ಓಡುವ ಸೈಕ್ಸ್‌ನ ಅಂತ್ಯವನ್ನು ಆತ್ಮೀಯರ ಸಲಹೆಯ ಮೇರೆಗೆ ಸೇರಿಸಿದ್ದು ಇನ್ನೂ ಮುಖ್ಯವಾದ ಸಂಗತಿ. ಏಕೆಂದರೆ ಅದರಿಂದ ವಾಚನದ ಕೇಂದ್ರ ಕೃತ್ಯದಿಂದ ಕೃತ್ಯವೆಸಗಿದವನ ಮನಸ್ಸಿಗೆ ಸರಿಯಿತು. ಆದರೆ ಅಭಿನಯದ ಆವೇಶಕ್ಕೆ ಡಿಕನ್ಸ್ ತನ್ನ ಆರೋಗ್ಯವನ್ನೇ ಒತ್ತೆಯಿಟ್ಟಿದ್ದು ಈ ಮಾದರಿಯ ಮಿತಿ: ಓದುಗ ನಟನಾದಷ್ಟೂ ಗದ್ಯದ ಸೂಕ್ಷ್ಮ ಹಿಂದೆ ಸರಿಯುತ್ತದೆ.

ಅಭಿನಯದ ಹಂಗಿಲ್ಲದೆ ಗದ್ಯದ ದನಿಯೇ ಆತಂಕ ಹುಟ್ಟಿಸುವ ದಾರಿಯೂ ಈ ಪ್ರಕಾರದಲ್ಲಿದೆ: ತನ್ನ ಮಾತಿನಿಂದಲೇ ಕೇಳುಗರ ವಿಶ್ವಾಸ ಕಳೆದುಕೊಳ್ಳುವ ನಿರೂಪಕನನ್ನು ವಿಮರ್ಶೆಯಲ್ಲಿ ಅವಿಶ್ವಸನೀಯ ನಿರೂಪಕ ಎನ್ನುತ್ತಾರೆ. ಎಡ್ಗರ್ ಅಲನ್ ಪೋನ 'ದ ಟೆಲ್-ಟೇಲ್ ಹಾರ್ಟ್' (1843) ಕಥೆಯ ನಿರೂಪಕ ತಾನು ಹುಚ್ಚನಲ್ಲವೆಂದು ಸಾಧಿಸುವ ಅವಸರದಲ್ಲಿಯೇ ಸಿಕ್ಕಿಬೀಳುವುದರಿಂದ, ಪುಟ ತಿರುವಿ ಮುಂದಕ್ಕೆ ಹಾರಲಾಗದ ಕೇಳುಗ ಅವನ ಉಸಿರಿನ ಲಯಕ್ಕೆ ಕಟ್ಟುಬೀಳುತ್ತಾನೆ. ಗಿಲಿಯನ್ ಫ್ಲಿನ್‌ಳ 'ಗಾನ್ ಗರ್ಲ್' (2012) ಕಾದಂಬರಿಯಲ್ಲಾದರೋ, ನಾಯಕಿ ಏಮಿಯ ದಿನಚರಿಯನ್ನು ನಂಬುತ್ತ ಓದುಗರು ಅರ್ಧ ಕೃತಿ ದಾಟಿದ ಮೇಲಷ್ಟೇ ಅದರ ಕಪಟ ಬಯಲಾಗುವುದರಿಂದ, ಆರಂಭದ ಹತ್ತು ನಿಮಿಷದ ವಾಚನಕ್ಕೆ ಆ ವಂಚನೆಯ ತೂಕ ದಕ್ಕದು.

ಆದ್ದರಿಂದ ಇಂಥ ಸಂಜೆಗಳ ಯಶಸ್ಸು ಗುಟ್ಟನ್ನು ಬಚ್ಚಿಡುವುದರಲ್ಲಿಲ್ಲ, ಪಠ್ಯದ ಆಯ್ಕೆಯಲ್ಲಿದೆ. ಒಂದೇ ಕೂಟದಲ್ಲಿ ಮುಗಿಯುವ ಸಣ್ಣಕಥೆಯಾಗಲಿ, ರಹಸ್ಯ ತಿಳಿದ ಮೇಲೂ ಕಳವಳ ಉಳಿಸುವ ಕಾದಂಬರಿಯ ನಡುಭಾಗವಾಗಲಿ ವಾಚನಕ್ಕೆ ಒದಗುತ್ತದೆ. ಅರ್ಧಕ್ಕೆ ಕಡಿದ ಮೊದಲ ಅಧ್ಯಾಯ ಕೇವಲ ಜಾಹೀರಾತಾಗುತ್ತದೆ.