ತಂಪು ಹಾಸಿಗೆಯೂ ಮೂಗಿನ ಹನಿಯೂ

ಹಸುಗೂಸುಗಳ ಮೈ ತಂಪು ಮಾಡಿ ನೋಡಿದ ‘ಹೀಲಿಕ್ಸ್’ ಪ್ರಯೋಗ ಎಂದರೆ ನಮ್ಮ ನವಜಾತ ಶಿಶು ವೈದ್ಯರಲ್ಲಿ ಹಲವರು ಮುಖ ಸಿಂಡರಿಸುತ್ತಾರೆ. ಅದೇ ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಸ್ಟ್ರೋಕ್ ಆದ ಹಸುಗೂಸುಗಳ ಮೂಗಿಗೆ ಸ್ಟೆಮ್ ಸೆಲ್ ಹನಿ ಬಿಟ್ಟ ಕಥೆ ತೆಗೆಯಿರಿ, ಕಣ್ಣರಳುತ್ತದೆ. ಇದು ತಿರುವುಮುರುವಾಗಬೇಕಿತ್ತು ಎಂಬುದು ನನ್ನ ತಕರಾರು.

ಇಂಪೀರಿಯಲ್ ಕಾಲೇಜಿನ ಸುಧಿನ್ ತಯ್ಯಿಲ್ ಮುಂದಾಳತ್ವದ ಹೀಲಿಕ್ಸ್ 2021ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಬಂತು. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 7 ಆಸ್ಪತ್ರೆ, 408 ಮಕ್ಕಳು. ನಮ್ಮ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಅದರಲ್ಲಿತ್ತು. ಇವು ಸ್ಟ್ರೋಕಿನ ಮಕ್ಕಳಲ್ಲ. ಸ್ಟ್ರೋಕಿನಲ್ಲಿ ಒಂದು ರಕ್ತನಾಳ ಕಟ್ಟುತ್ತದೆ. ಇಲ್ಲಿ ಹುಟ್ಟುವಾಗಲೇ ಆಮ್ಲಜನಕ ಸಾಲದೆ ಇಡೀ ಮಿದುಳು ಬಳಲಿರುತ್ತದೆ. ಹುಟ್ಟಿದ 6 ಗಂಟೆಯೊಳಗೆ ಮೈಯನ್ನು 33.5 ಡಿಗ್ರಿಗೆ ಇಳಿಸಿ 72 ಗಂಟೆ ಹಾಗೇ ಇಡುವುದು ಶ್ರೀಮಂತ ದೇಶಗಳಲ್ಲಿ ಆಗಲೇ ರೂಢಿಯಾಗಿದ್ದ ಚಿಕಿತ್ಸೆ; ಅದನ್ನೇ ಹೀಲಿಕ್ಸ್ ಇಲ್ಲಿ ಪರೀಕ್ಷಿಸಿತು.

ಹೀಲಿಕ್ಸ್‌ನ ಅಂಕಿಗಳನ್ನು ಅವಸರವಿಲ್ಲದೆ ಓದಬೇಕು. 18 ತಿಂಗಳ ಹೊತ್ತಿಗೆ ಸತ್ತವರು ಇಲ್ಲವೇ ಮಧ್ಯಮ ಅಥವಾ ತೀವ್ರ ವೈಕಲ್ಯಕ್ಕೆ ಸಿಕ್ಕವರು, ತಂಪು ಕೊಟ್ಟ 195ರಲ್ಲಿ 98, ಕೊಡದ 199ರಲ್ಲಿ 94. ಹೆಚ್ಚುಕಡಿಮೆ ಸಮ. ಸಾವನ್ನಷ್ಟೇ ಬಿಡಿಸಿ ನೋಡಿದರೆ 84 ಮತ್ತು 63. ಈಗ ಕಳೆಯಿರಿ: ಬದುಕುಳಿದು ವೈಕಲ್ಯ ಹೊತ್ತವರು ತಂಪಿನ ಗುಂಪಿನಲ್ಲಿ 14, ಇನ್ನೊಂದರಲ್ಲಿ 31.

ಟೀಕಾಕಾರರು ಹಿಡಿದು ಜಗ್ಗುವುದು ಈ 14ನ್ನೇ. ಮಿದುಳಿಗೆ ಒಳ್ಳೆಯದೇ ಆಗಿದೆ, ಸಾವಿಗೆ ಕಾರಣ ಆಸ್ಪತ್ರೆಗಳ ಅವ್ಯವಸ್ಥೆ ಎಂಬುದು ಅವರ ವಾದ. ಆದರೆ ಚೀಟಿ ಎತ್ತಿದ ಹಾಗೆ ಗುಂಪು ಮಾಡಿದ್ದು ಸೇರಿಸಿಕೊಂಡ ಎಲ್ಲ ಮಕ್ಕಳನ್ನು, ಬದುಕುಳಿದವರನ್ನಷ್ಟೇ ಅಲ್ಲ. ಉಳಿದಿದ್ದರೆ ವೈಕಲ್ಯ ಹೊರಬೇಕಿದ್ದ ಕೂಸುಗಳೇ ತಂಪಿನಲ್ಲಿ ತೀರಿಕೊಂಡಿದ್ದರೂ ಲೆಕ್ಕ 14 ಎಂದೇ ಬರುತ್ತದೆ! ಅದನ್ನು ಗುಣವೆನ್ನುವುದು ಹೇಗೆ? ಇನ್ನು ಅವ್ಯವಸ್ಥೆ. ಅದೇ ವಾರ್ಡು, ಅದೇ ನರ್ಸು, ಅದೇ ವೆಂಟಿಲೇಟರ್, ಎರಡೂ ಗುಂಪಿಗೆ. ಅಂಥ ಕಡೆ ತಂಪಿನಿಂದಲೇ ಹೆಚ್ಚು ಕೆಡುಕಾಯಿತು ಎನ್ನುವುದಾದರೆ, ಸರಿ, ಅಂಥ ಕಡೆ ಕೊಡಬೇಡಿ ಎಂದೇ ಅರ್ಥವಾಯಿತಲ್ಲ.

ಪುದುಚೇರಿಯ ಜಿಪ್ಮರ್‌ನಲ್ಲಿ ತಂಪಿನಿಂದ ಒಳಿತು ಕಂಡದ್ದೂ ನಿಜ; ಅದು ಒಂದೇ ಆಸ್ಪತ್ರೆಯ, ಚಿಕ್ಕ ಪ್ರಯೋಗ. ‘ನಮ್ಮ ಖಾಸಗಿ ಎನ್‌ಐಸಿಯು (ನವಜಾತ ಶಿಶು ತೀವ್ರ ನಿಗಾ ಘಟಕ) ಬೇರೆ ಮಟ್ಟದ್ದು, ಹೀಲಿಕ್ಸ್ ನಮಗೆ ಅನ್ವಯಿಸದು’ ಎನ್ನುವವರ ಮಾತಿನಲ್ಲಿ ಅರ್ಧ ಹುರುಳಿದೆ. ಉಳಿದರ್ಧಕ್ಕೆ ಅವರೂ ಚೀಟಿ ಎತ್ತಿ ಲೆಕ್ಕ ಕೊಡಲಿ. ಕೆಂಗೇರಿಯಾಚೆಯ ಹೆರಿಗೆಮನೆಯಲ್ಲಿ ಅಳದೆ ಹುಟ್ಟಿದ ಮಗು ಮೈಸೂರು ರಸ್ತೆ ಹಿಡಿದು, ನಾಯಂಡಹಳ್ಳಿ ಸಿಗ್ನಲ್ ದಾಟಿ ಇವರ ಹಾಸಿಗೆ ಸೇರುವಷ್ಟರಲ್ಲಿ ಆ 6 ಗಂಟೆಯಲ್ಲಿ ಎಷ್ಟು ಉಳಿದಿರುತ್ತದೆ ಎಂಬುದೂ ಅದರಲ್ಲಿರಲಿ.

ಉಟ್ರೆಕ್ಟ್‌ನ ವರದಿ 2022ರದು. ಮಕ್ಕಳು 10. ಹೋಲಿಸಲು ಚೀಟಿ ಎತ್ತಿದ ಇನ್ನೊಂದು ಗುಂಪಿಲ್ಲ. ಹನಿ ಅಪಾಯಕಾರಿಯೇ ಎಂದಷ್ಟೇ ಅವರು ಕೇಳಿದ್ದರು, ಅಲ್ಲವೆನಿಸುತ್ತದೆ ಎಂದರು. ಬರೆದವರದು ತಪ್ಪಿಲ್ಲ, ಮೆರೆಸಿದವರದು. ಆ ವರದಿ ನೋಡಿದ್ದು 3 ತಿಂಗಳವರೆಗೆ. ಸ್ಟ್ರೋಕಿನ ಪೆಟ್ಟು ಕೈಯಲ್ಲಿ ಕಾಣುವುದು ಆಮೇಲೆ. ಎಂಟು ತಿಂಗಳ ಕೂಸು ಗಿಲಕಿಗೆ ಎಡಗೈಯನ್ನೇ ಚಾಚುತ್ತದೆ, ಬಲಗೈ ಮುಷ್ಟಿ ಬಿಚ್ಚುವುದಿಲ್ಲ. ‘ಎಡಚ ಕಣೇ, ಅವನ ತಾತನ ಹಾಗೆ’ ಎಂದು ಅಜ್ಜಿ ಹಿಗ್ಗುತ್ತಾರೆ. ವರ್ಷ ತುಂಬುವ ಮೊದಲೇ ಒಂದೇ ಕೈ ಮುಂದಾದರೆ ಮಕ್ಕಳ ನರತಜ್ಞರಿಗೆ ತೋರಿಸಬೇಕೆಂದು ಆಕೆಗೆ ಯಾರೂ ಹೇಳಿರುವುದಿಲ್ಲ.

ಆದರೆ ರಾಜಾಜಿನಗರ, ಬಸವೇಶ್ವರನಗರದ ಬಸುರಿಯರಿಗೆ ಸ್ಟೆಮ್ ಸೆಲ್‌ಗೆಂದು ಹೊಕ್ಕುಳಬಳ್ಳಿ ರಕ್ತ ಕಾಪಿಡುವ ಕಂಪನಿಗಳ ಬಣ್ಣದ ಕಾಗದ ತಪ್ಪದೆ ತಲುಪುತ್ತದೆ. ಉಟ್ರೆಕ್ಟ್‌ನ ಹನಿಯಲ್ಲಿದ್ದದ್ದು ಬೇರೊಬ್ಬ ದಾನಿಯ ಮೂಳೆಮಜ್ಜೆಯ ಕೋಶ, ಮಗುವಿನ ಹೊಕ್ಕುಳಬಳ್ಳಿಯದಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೂ ರಕ್ತರೋಗದಂಥ ಒಪ್ಪಿತ ಕಾಯಿಲೆಗಳ ಮಜ್ಜೆ ಕಸಿ ಬಿಟ್ಟರೆ, ಪ್ರಯೋಗದ ಹೊರಗೆ ಸ್ಟೆಮ್ ಸೆಲ್ ಕೊಡುವಂತಿಲ್ಲ ಎನ್ನುತ್ತದೆ. ಕಂತು ಕಟ್ಟಿಸಿಕೊಳ್ಳುವವರು ಆ ಕಾಗದದಲ್ಲಿ ಇದನ್ನೂ ಅಚ್ಚು ಹಾಕಿಸಲಿ.