ಗೆರೆ ಬೀಳದ ಪ್ಯಾರಾ

ವರ್ಡ್‌ನಲ್ಲಿ ಇಂಗ್ಲಿಷ್ ವರದಿ ಬರೆಯುವವರು ಕೆಂಪು, ನೀಲಿ ಗೆರೆಗಳಿಗೆ ಶಾಪ ಹಾಕುವುದುಂಟು. ನನಗೆ ಅನುಮಾನ ಬರುವುದು ಒಂದೂ ಗೆರೆಯಿಲ್ಲದ ಪುಟ ಕಂಡಾಗ. ಮೇಲಿನ ಪ್ಯಾರಾದಲ್ಲಿ ತಪ್ಪು ಹಿಡಿದ ಗ್ರಾಮರ್ ಚೆಕ್, ಕೆಳಗಿನದನ್ನು ಮುಟ್ಟದೆಯೇ ದಾಟಿ ಹೋಗಿ ಕೆಲಸ ಮುಗಿಯಿತು ಎನ್ನುತ್ತದೆ. ಓದಿ ಸರಿ ಎಂದಿತೋ, ಓದಲೇ ಇಲ್ಲವೋ ಗೊತ್ತಾಗುವುದಿಲ್ಲ.

ಆಗ ಹೆಚ್ಚಿನವರು ಆಪ್ಷನ್ಸ್‌ನ ಪ್ರೂಫಿಂಗ್ ಪುಟ ತಡಕಾಡುತ್ತಾರೆ. ಇಡೀ ಕಡತದಲ್ಲಿ ಗೆರೆಗಳಿಲ್ಲದಿದ್ದರೆ ಅದು ಸರಿಯಾದ ಜಾಗ. ಒಂದು ಭಾಗ ಮಾತ್ರ ತಪ್ಪಿಸಿಕೊಳ್ಳುತ್ತಿದ್ದರೆ ಕಾರಣ ಹೆಚ್ಚಾಗಿ ಆ ಭಾಗದಲ್ಲೇ ಇರುತ್ತದೆ. ದಪ್ಪ, ಓರೆ, ಬಣ್ಣಗಳ ಹಾಗೆ ವರ್ಡ್‌ನಲ್ಲಿ ಭಾಷೆಯೂ ಅಕ್ಷರಗಳಿಗೆ ಅಂಟಿಕೊಂಡ ಗುಣ. ‘ಡು ನಾಟ್ ಚೆಕ್ ಸ್ಪೆಲಿಂಗ್ ಆರ್ ಗ್ರಾಮರ್’ ಎಂಬ ಗುರುತೂ ಹಾಗೆಯೇ. ದಪ್ಪಕ್ಷರ ಕಣ್ಣಿಗೆ ಕಾಣುತ್ತದೆ, ಇವು ಕಾಣುವುದಿಲ್ಲ. ಸ್ಟೈಲ್‌ನೊಳಗೂ ಅಡಗಿರಬಹುದು. ತಾನಾಗಿ ತಯಾರಾಗುವ ಪರಿವಿಡಿಯ ಸಾಲುಗಳಿಗಂತೂ ಈ ಗುರುತನ್ನು ವರ್ಡೇ ಹಾಕುತ್ತದೆ.

ನಮ್ಮ ಕಚೇರಿ ಕಡತಗಳಿಗೆ ಇನ್ನೊಂದು ಪೂರ್ವಚರಿತ್ರೆಯಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ನುಡಿ, ಬರಹ ಫಾಂಟ್‌ಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತಗಳು. ವರ್ಡ್‌ಗೆ ಅದು ಬರೀ ತಪ್ಪು ಇಂಗ್ಲಿಷ್, ಪುಟವೆಲ್ಲ ಕೆಂಪು. ಕಾಟ ತಾಳಲಾರದೆ ಆ ಗುರುತನ್ನು ನಾರ್ಮಲ್ ಸ್ಟೈಲ್‌ಗೇ ಹಾಕಿಬಿಟ್ಟರೆ, ಅದೇ ಕಡತದಲ್ಲಿ ಮುಂದೆ ಟೈಪಿಸಿದ ಇಂಗ್ಲಿಷ್ ಪತ್ರಕ್ಕೂ ತಪಾಸಣೆ ಇಲ್ಲ.

ಪತ್ತೆ ಮಾಡಲು ಅನುಮಾನವಿರುವ ಪ್ಯಾರಾದ ನಡುವೆ ‘ಹಿ ಗೋ ಟು ಸ್ಕೂಲ್’ ಎಂದು ಇಂಗ್ಲಿಷಿನಲ್ಲಿ ಟೈಪಿಸಿ. ಅಲ್ಲಿ ಗೆರೆ ಬೀಳದೆ, ಹೊಸ ಖಾಲಿ ಕಡತದಲ್ಲಿ ಬಿದ್ದರೆ ವರ್ಡ್ ನಿರ್ದೋಷಿ. ಶಿಫ್ಟ್ ಎಫ್1 ಒತ್ತಿದರೆ ಆ ಜಾಗದ ಫಾರ್ಮ್ಯಾಟಿಂಗ್ ವಿವರ, ಭಾಷೆಯ ಸಮೇತ, ಪಕ್ಕದಲ್ಲಿ ತೆರೆಯುತ್ತದೆ. ಆಮೇಲೆ ಆ ಭಾಗವನ್ನು ಆಯ್ದು ರಿವ್ಯೂ, ಲಾಂಗ್ವೇಜ್, ಸೆಟ್ ಪ್ರೂಫಿಂಗ್ ಲಾಂಗ್ವೇಜ್‌ಗೆ ಹೋಗಿ ಸರಿಯಾದ ಇಂಗ್ಲಿಷ್ ಆರಿಸಿ, ‘ಡು ನಾಟ್ ಚೆಕ್’ ಚೌಕದ ಟಿಕ್ ತೆಗೆಯಿರಿ. ಚೌಕದಲ್ಲಿ ಟಿಕ್ ಬದಲು ತುಂಬಿದ ಗುರುತು ಕಂಡರೆ, ಆಯ್ದ ಭಾಗದಲ್ಲಿ ಸ್ವಲ್ಪಕ್ಕೆ ತಪಾಸಣೆ ಇದೆ, ಸ್ವಲ್ಪಕ್ಕೆ ಇಲ್ಲ ಎಂದರ್ಥ. ಪೂರ್ತಿ ಖಾಲಿಯಾಗುವವರೆಗೆ ಕ್ಲಿಕ್ ಮಾಡಿ. ಕಂಟ್ರೋಲ್ ಎ ಒತ್ತಿ ಎಲ್ಲವನ್ನೂ ಒಮ್ಮೆಗೇ ಮುಗಿಸಿದೆ ಎಂದುಕೊಳ್ಳಬೇಡಿ: ಅಡಿಟಿಪ್ಪಣಿ, ಹೆಡರ್, ಟೆಕ್ಸ್ಟ್ ಬಾಕ್ಸ್‌ಗಳು ಆ ಆಯ್ಕೆಗೆ ಸಿಗುವುದಿಲ್ಲ. ಗುರುತು ಸ್ಟೈಲ್‌ನಲ್ಲಿದ್ದರೆ ಮಾಡಿಫೈ, ಫಾರ್ಮ್ಯಾಟ್, ಲಾಂಗ್ವೇಜ್ ಮೂಲಕ ಅಲ್ಲೇ ತೆಗೆಯಬೇಕು. ಲಿಬ್ರೆ ಆಫೀಸ್‌ನಲ್ಲೂ ಭಾಷೆ ‘ನನ್’ ಎಂದಿದ್ದರೆ ಇದೇ ಕಥೆ.

ಈ ಗುರುತು ದುಷ್ಟವೇನಲ್ಲ. ಪ್ರೋಗ್ರಾಂ ಕೋಡಿಗೆ, ಹಳೆಯ ಫಾಂಟಿನ ಕನ್ನಡಕ್ಕೆ ಅದು ಬೇಕೇ ಬೇಕು. ಅಂಥ ಭಾಗಗಳಿಗೆ ‘ತಪಾಸಣೆ ಬೇಡ’ ಎಂದೇ ಹೆಸರಿಟ್ಟು ಪ್ರತ್ಯೇಕ ಸ್ಟೈಲ್ ಮಾಡಿಕೊಳ್ಳಿ. ಮುಂದೆ ಆ ಕಡತ ತೆರೆದವರು ಯಾವುದು ತಪಾಸಣೆಯ ಹೊರಗಿದೆ ಎಂದು ಊಹಿಸುತ್ತ ಕೂರಬೇಕಿಲ್ಲ.